ಏಳೂವರೆ ನಂಬರಿನ ಚರೆ

೨೦೧೪ರ ಚಳಿಗಾಲದಲ್ಲಿ ಅಡಿಲೇಡಿನ ನಮ್ಮ ಶೆಡ್ಡಿಗೆ ಒಂದು ದೂರು ಬಂತು. ಮೂರೇ ಸಾಲು. "ನಿಮ್ಮ ಹೊಸ ತೋಟೆ ಬಂದಮೇಲೆ ಹಕ್ಕಿಗಳು ಬಿದ್ದು ಸಾಯುತ್ತಿಲ್ಲ, ಗಾಯಗೊಂಡು ತಪ್ಪಿಸಿಕೊಳ್ಳುತ್ತಿವೆ. ಊಟದಲ್ಲಿ ಸೀಸದ ಗುಂಡು ಸಿಕ್ಕಿ ಅತಿಥಿಯೊಬ್ಬರ ಹಲ್ಲು ಮುರಿದಿದೆ. ನಮಗೆ ಉತ್ತರ ಬೇಕು." ಓದಿದ ಕೂಡಲೇ ನನಗೆ ಮೈಯೆಲ್ಲ ಉರಿಯಿತು. ಆ ತೋಟೆಗಳನ್ನು ಪರೀಕ್ಷೆ ಮಾಡಿದವಳು ನಾನು, ವರದಿಗೆ ಸಹಿ ಹಾಕಿದವಳೂ ನಾನು. ಇವರಿಗೆ ನೆಟ್ಟಗೆ ಗುರಿ ಇಡಲು ಬರುವುದಿಲ್ಲ, ದೂರು ಮಾತ್ರ ನಮ್ಮ ಮೇಲೆ ಎಂದು ಶೆಡ್ಡಿನಲ್ಲಿದ್ದವರಿಗೆಲ್ಲ ಕೇಳುವಂತೆ ಗೊಣಗಿದೆ.

ನಮ್ಮದು ಕೋವಿಯ ತೋಟೆ ತುಂಬುವ ಚಿಕ್ಕ ಕಂಪನಿ. ತುಂಬುವ ಶೆಡ್ಡು ಅಡಿಲೇಡಿನ ಅಂಚಿನಲ್ಲಿ, ಮಾರಾಟದ ಆಫೀಸು ಬ್ರಿಸ್ಬೇನಿನಲ್ಲಿ. ಗಂಡ, ಮಗಳು ಪರ್ತ್‌ನ ಪಿಯಾರಾ ವಾಟರ್ಸ್‌ನಲ್ಲಿದ್ದರು. ನಾನು ಕೆಲಸಕ್ಕಾಗಿ ಇಲ್ಲೊಂದು ರೂಮು ಹಿಡಿದಿದ್ದೆ. ಪರ್ತ್‌ನ ನಮ್ಮ ಕನ್ನಡದವರು ಕೆಲಸದ ಬಗ್ಗೆ ಕೇಳಿದರೆ "ಕ್ವಾಲಿಟಿ ಟೆಸ್ಟಿಂಗ್" ಎಂದಷ್ಟೇ ಹೇಳಿ ಮಾತು ತಿರುಗಿಸುತ್ತಿದ್ದೆ. ವರಮಹಾಲಕ್ಷ್ಮಿ ಪೂಜೆಯಲ್ಲಿ ಅರಿಶಿನ ಕುಂಕುಮ ತೆಗೆದುಕೊಳ್ಳುತ್ತ ಹಕ್ಕಿ ಹೊಡೆಯುವ ತೋಟೆಯ ಮಾತು ಎತ್ತುವುದಾದರೂ ಹೇಗೆ?

ದೂರು ಕೊಟ್ಟದ್ದು ಅಡಿಲೇಡಿನಿಂದ ಎರಡು ಗಂಟೆ ದಾರಿಯ ಒಂದು ಎಸ್ಟೇಟು. ಅಲ್ಲಿ ಫೆಸೆಂಟ್ ಸಾಕುತ್ತಾರೆ. ಉದ್ದ ಬಾಲದ, ಕಾಡುಕೋಳಿಯ ಬಳಗದ ಹಕ್ಕಿ ಅದು. ಚಳಿಗಾಲ ಬಂದಾಗ ಬಯಲಿಗೆ ಬಿಡುತ್ತಾರೆ. ಹಣ ಕೊಟ್ಟು ಬಂದ ಅತಿಥಿಗಳು ಅದನ್ನು ಹೊಡೆಯುತ್ತಾರೆ, ಎಸ್ಟೇಟಿನ ಅಡುಗೆಮನೆಯಲ್ಲಿ ಅದರದ್ದೇ ಊಟವಾಗುತ್ತದೆ. ಹಿಂದಿನ ವರ್ಷದವರೆಗೆ ಅವರು ನಮ್ಮ ಹಳೆಯ ತೋಟೆ ಕೊಳ್ಳುತ್ತಿದ್ದರು. ಆ ವರ್ಷ ನಮ್ಮ ಸೇಲ್ಸ್ ಮ್ಯಾನೇಜರ್ ಅವರಿಗೆ ಹೊಸದನ್ನು ದಾಟಿಸಿದ್ದ.

ತೋಟೆ ಆರಿಸುವುದೆಂದರೆ ಮುಖ್ಯವಾಗಿ ಎರಡು ಪ್ರಶ್ನೆ. ಒಳಗಿನ ಸೀಸದ ಗುಂಡು ಎಷ್ಟು ದಪ್ಪ, ಅದು ಎಷ್ಟು ವೇಗವಾಗಿ ಹೊರಡುತ್ತದೆ. ಈ ಸಣ್ಣ ಗುಂಡುಗಳನ್ನು ನಮ್ಮ ಕಡೆ ಕೋವಿ ಇಟ್ಟುಕೊಂಡವರು ಚರೆ ಎನ್ನುತ್ತಾರೆ. ನಂಬರು ಹೆಚ್ಚಿದಷ್ಟೂ ಚರೆ ಚಿಕ್ಕದು. ಐದನೇ ನಂಬರಿನದು ಮೂರು ಮಿಲಿಮೀಟರ್ ದಪ್ಪ. ಏಳೂವರೆಯದು ಎರಡೂವರೆಗಿಂತ ಕಡಿಮೆ. ಒಂದು ತೋಟೆಗೆ ಮೂವತ್ತೆರಡು ಗ್ರಾಂ ತುಂಬಿದರೆ ಐದನೇ ನಂಬರಿನವು ಇನ್ನೂರರೊಳಗೆ ಹಿಡಿಯುತ್ತವೆ, ಏಳೂವರೆಯವು ಹತ್ತಿರ ಹತ್ತಿರ ನಾನೂರು. ಹಳೆಯ ತೋಟೆಯಲ್ಲಿ ಐದನೇ ನಂಬರು, ಸೆಕೆಂಡಿಗೆ ಸಾವಿರದ ಇನ್ನೂರು ಚಿಲ್ಲರೆ ಅಡಿ ವೇಗ. ಮ್ಯಾನೇಜರನಿಗೆ ಬೇಕಾಗಿದ್ದದ್ದು ಕೆಂಪು ಡಬ್ಬಿ, ಅದರ ಮೇಲೆ ಅಂಗೈಯಗಲದ ಅಕ್ಷರದಲ್ಲಿ ೧೪೦೦ ಎಂಬ ಅಂಕಿ, ಒಳಗೆ ಏಳೂವರೆಯ ಚರೆ. ವೇಗವೂ ಹೆಚ್ಚು, ಗುಂಡೂ ಹೆಚ್ಚು, ಇನ್ನೇನು ಬೇಕು ಎಂಬುದು ಆತನ ವಾದ.

ಇಲ್ಲಿ ಫೆಬ್ರವರಿ ಎಂದರೆ ಕಡುಬೇಸಿಗೆ. ಆ ಸುಡುಬಿಸಿಲಿನಲ್ಲಿ ಪರೀಕ್ಷೆ ನಡೆಸಿದೆ. ಮೊದಲು ವೇಗ. ಕೋವಿಯ ಮುಂದೆ ಎರಡು ಕಣ್ಣುಗಳ ಯಂತ್ರವಿಡುತ್ತೇವೆ. ಚರೆಯ ಗುಂಪು ಮೊದಲ ಕಣ್ಣನ್ನು ದಾಟಿ ಎರಡನೆಯದನ್ನು ದಾಟುವ ಹೊತ್ತಿನಿಂದ ವೇಗ ಸಿಗುತ್ತದೆ. ತಗಡಿನ ಶೆಡ್ಡಿನಲ್ಲಿ ಕಾದ ತೋಟೆಗಳು ಸಾವಿರದ ನಾನೂರು ದಾಟಿದವು. ಆಮೇಲೆ ಚರೆ ಹರಡುವ ರೀತಿ. ಮೂವತ್ತಾರು ಮೀಟರ್ ದೂರದಲ್ಲಿ ದೊಡ್ಡ ಬಿಳಿ ಕಾಗದ ಕಟ್ಟಿ ಹೊಡೆದು, ತೂತುಗಳು ಹೆಚ್ಚು ಬಿದ್ದ ಕಡೆ ಮೂವತ್ತು ಇಂಚಿನ ವೃತ್ತ ಬರೆದು, ಒಂದೊಂದು ತೂತಿಗೂ ಕೆಂಪು ಪೆನ್ನಿನ ಗುರುತು ಹಾಕುತ್ತ ಎಣಿಸಬೇಕು. ಹತ್ತು ಕಾಗದ ಎಣಿಸಿದೆ. ಕಣ್ಣು ಮುಚ್ಚಿದರೂ ಚುಕ್ಕಿಗಳೇ ಕಾಣುತ್ತಿದ್ದವು. ಹೊಸ ತೋಟೆಯದು ಹಳೆಯದಕ್ಕಿಂತ ಎಷ್ಟೋ ಹೆಚ್ಚು ತೂತು.

ಮೂರನೆಯದು ಆಳದ ಪರೀಕ್ಷೆ. ಚರೆ ಮೈಯೊಳಗೆ ಎಷ್ಟು ಇಳಿಯುತ್ತದೆ ಎಂದು ತಿಳಿಯಲು ಜೆಲಾಟಿನ್ ಗಟ್ಟಿಗೆ ಹೊಡೆಯಬೇಕು. ದನ, ಹಂದಿಗಳ ಮೂಳೆ ಚರ್ಮ ಬೇಯಿಸಿ ತೆಗೆದ ಪುಡಿಯನ್ನು ಬಿಸಿನೀರಿನಲ್ಲಿ ಕರಗಿಸಿ, ತಣಿಸಿ, ಇಟ್ಟಿಗೆಯಂತೆ ಎರಕ ಹೊಯ್ಯುವುದು. ಮೈಸೂರಿನ ನಮ್ಮ ಮನೆಯಲ್ಲಿ ಮೊಟ್ಟೆ ಹಾಕಿದ ಕೇಕನ್ನೂ ಹೊರಗಡೆಯೇ ತಿಂದು, ಕೈಬಾಯಿ ತೊಳೆದು ಒಳಗೆ ಬರಬೇಕಿತ್ತು. ಪುಡಿಯ ಡಬ್ಬಿ ತೆರೆದಾಗ ಮೂಳೆ ಚರ್ಮದ ವಾಸನೆ ಮೂಗಿಗೆ ಬಡಿಯಿತು. ಮುಚ್ಚಿಟ್ಟೆ. ಕಂಪ್ಯೂಟರಿನಲ್ಲಿ ವೇಗ, ತೂಕ, ಗಾಳಿಯ ತಡೆ ಹಾಕಿ ಆಳವನ್ನು ಲೆಕ್ಕ ಮಾಡಿದೆ. ಮ್ಯಾನೇಜರನಿಗೆ ಫೋನ್ ಮಾಡಿ ಕೇಳಿದ್ದಕ್ಕೆ ಆತ, "ಲೆಕ್ಕ ಸಾಕು ಮೇಟ್, ಎರಡು ದಿನ ಉಳಿಯಿತು" ಎಂದ. ವರದಿಯ ಆ ಖಾನೆಯಲ್ಲಿ "ತೃಪ್ತಿಕರ" ಎಂದು ಬರೆದು ಸಹಿ ಹಾಕಿದೆ. ಲೆಕ್ಕ ಎಂಬ ಮಾತನ್ನು ಬರೆಯಲಿಲ್ಲ.

ದೂರು ಬಂದಾಗ ಮ್ಯಾನೇಜರ್ ಎಸ್ಟೇಟಿಗೆ ಕಳಿಸಿದ ಉತ್ತರದ ಪ್ರತಿ ನನಗೂ ಬಂತು. ತೋಟೆಯಲ್ಲಿ ದೋಷವಿಲ್ಲ, ಪರೀಕ್ಷಾ ವರದಿ ಜೊತೆಗಿದೆ, ಹಕ್ಕಿ ಶುಚಿ ಮಾಡುವವರ ಬೇಜವಾಬ್ದಾರಿಯೇ ಹಲ್ಲು ಮುರಿಯಲು ಕಾರಣ. ನನಗೆ ಖುಷಿಯೇ ಆಯಿತು. ಮೂರು ವಾರದ ಹತ್ತಿರ ಕಳೆದಮೇಲೆ, ಎಸ್ಟೇಟಿನವರು ಇನ್ನೂ ಒಪ್ಪುತ್ತಿಲ್ಲ, ಹೋಗಿ ವರದಿಯನ್ನು ಅರ್ಥಮಾಡಿಸಿ ಬಾ ಎಂದು ಆತ ಹೇಳಿದಾಗ, ಅವರ ಬಾಯಿ ಮುಚ್ಚಿಸಿಯೇ ಬರುತ್ತೇನೆ ಎಂದು ಹೊರಟೆ.

ಎಸ್ಟೇಟಿನ ಮಾಲಕಿ ಅರವತ್ತು ದಾಟಿದ ಹೆಂಗಸು. ಮಾತು ಕಡಿಮೆ. ನನ್ನ ವಿವರಣೆಯನ್ನೆಲ್ಲ ಕೇಳಿ, ಗಂಬೂಟಿನಲ್ಲಿ ಕೆಸರು ತುಳಿಯುತ್ತ ಹಕ್ಕಿ ಶುಚಿ ಮಾಡುವ ಕೋಣೆಗೆ ಕರೆದುಕೊಂಡು ಹೋದಳು. ಅಲ್ಲಿ ಐವತ್ತರ ಆಸುಪಾಸಿನ ಒಬ್ಬರು ತಲೆ ತಗ್ಗಿಸಿ ಪುಕ್ಕ ಕೀಳುತ್ತಿದ್ದರು. "ಇವನೇ ನಮ್ಮ ಅಡುಗೆಯವನು. ನಿಮ್ಮ ವರದಿ ನೋಡಿದ ಮೇಲೆ ನೋಟಿಸ್ ಕೊಟ್ಟಿದ್ದೇನೆ, ತಿಂಗಳ ಕೊನೆಗೆ ಹೋಗುತ್ತಾನೆ. ಹಲ್ಲಿನ ವಿಷಯ ಇವನಿಂದಲೇ ಇರಬಹುದು. ಆದರೆ ಹಕ್ಕಿ ತಪ್ಪಿಸಿಕೊಳ್ಳುವುದು ಏಕೆಂದು ನನಗೆ ಇನ್ನೂ ಅರ್ಥವಾಗಿಲ್ಲ" ಎಂದಳು. ಅಷ್ಟರಲ್ಲಿ ಫೋನ್ ಬಂದು ಹೊರಗೆ ಹೋದಳು.

ಅಡುಗೆಯವರು ಕೈ ಒರೆಸಿಕೊಂಡು ನೇರವಾಗಿ ನನ್ನ ಮುಖ ನೋಡಿದರು. "ಮೇಡಂ, ಕನ್ನಡ ಬರ್ತದಲ್ಲ ನಿಮ್ಗೆ?"

ನಾನು ಬೆಚ್ಚಿಬಿದ್ದೆ.

"ವರದಿಯಲ್ಲಿ ಹೆಸ್ರು ನೋಡಿದೆ. ನಮ್ಮ ಊರಿನ ಹೆಸ್ರೇ ಅಂತ ಗೊತ್ತಾಯ್ತು. ನೀವೇ ಬರ್ಬೇಕು ಅಂತ ಕಾಯ್ತಾ ಇದ್ದೆ."

"ಮಂಗಳೂರಿನವರಾ ನೀವು?"

"ಉಡುಪಿ ಹತ್ರ. ಊರಲ್ಲಿ ಒಂಬತ್ತು ವರ್ಷ, ಆಮೇಲೆ ಹದಿನೆಂಟು ವರ್ಷ ಕುವೈಟ್‌ನಲ್ಲಿ ಹೋಟೆಲಿನ ಕಿಚನ್. ಇಲ್ಲಿಗೆ ಬಂದು ಮೂರು ವರ್ಷ ಆಯ್ತು. ವೀಸಾ ಇವ್ರದ್ದೇ. ಇವ್ರು ಬಿಟ್ರೆ ತೊಂಬತ್ತು ದಿನದಲ್ಲಿ ಬೇರೆ ಯಾರಾದ್ರೂ ಸಿಗ್ಬೇಕು. ಸಿಗ್ಲಿಲ್ಲ ಅಂದ್ರೆ ಮಕ್ಕಳ ಶಾಲೆ ಬಿಡಿಸಿ ಹೊರಡುದು." ಹೇಳುತ್ತಲೇ ಕಪಾಟಿನಿಂದ ಎರಡು ಐಸ್‌ಕ್ರೀಮ್ ಡಬ್ಬ ತೆಗೆದರು. "ಇದು ನೋಡಿ. ಹಕ್ಕಿಯಿಂದ ನಾನೇ ಹೆಕ್ಕಿದ್ದು. ಇದು ಹೋದ ವರ್ಷದ್ದು, ಇದು ಈ ವರ್ಷದ್ದು."

ಹಳೆಯ ಡಬ್ಬದಲ್ಲಿ ಇದ್ದದ್ದು ಒಂದು ಹಿಡಿ. ಹೊಸದರಲ್ಲಿ ಡಬ್ಬದ ತುಂಬ. ಮುಷ್ಟಿಯಲ್ಲಿ ತೆಗೆದು ನೋಡಿದೆ. ದುಂಡಗಿರಬೇಕಾದ ಚರೆ ತೊಗರಿಬೇಳೆಯ ಹಾಗೆ ಚಪ್ಪಟೆಯಾಗಿತ್ತು. ಮೆತ್ತನೆಯ ಸೀಸವನ್ನು ಅಷ್ಟು ರಭಸದಿಂದ ನೂಕಿದರೆ ನಳಿಗೆಯೊಳಗೇ ಒಂದಕ್ಕೊಂದು ಒತ್ತಿ ಚಪ್ಪಟೆಯಾಗುತ್ತದೆ. ಚಪ್ಪಟೆಯಾದದ್ದು ಗಾಳಿಯನ್ನು ಸೀಳುವುದಿಲ್ಲ, ವೇಗ ಬೇಗ ಇಳಿದುಹೋಗುತ್ತದೆ. ಇದು ನನಗೆ ಗೊತ್ತಿರದ ವಿಷಯವಲ್ಲ. ಆದರೆ ನನ್ನ ಲೆಕ್ಕದಲ್ಲಿ ಪ್ರತಿಯೊಂದು ಚರೆಯೂ ದುಂಡಗೇ ಇತ್ತು.

"ಮೊದ್ಲು ಒಂದು ಹಕ್ಕಿಯಲ್ಲಿ ಮೂರೋ ನಾಲ್ಕೋ ಸಿಗ್ತಿತ್ತು, ಉಳಿದದ್ದು ಆಚೆ ದಾಟಿ ಹೋಗಿರ್ತಿತ್ತು. ಈಗ ಹದಿನೈದು, ಇಪ್ಪತ್ತು. ಎಲ್ಲ ಚರ್ಮದ ಕೆಳಗೇ. ಪುಕ್ಕವನ್ನೂ ಎಳ್ಕೊಂಡು ಮಾಂಸದಲ್ಲಿ ಕೂತಿರ್ತದೆ. ಒಂದನ್ನೂ ಬಿಡದೆ ತೆಗೀಲಿಕ್ಕೆ ನನ್ನ ಹತ್ರ ಎಕ್ಸ್‌ರೇ ಉಂಟಾ ಮಾರಾಯ್ರೇ?" ಮೇಜಿನ ಮೇಲಿದ್ದ ಒಂದು ಹಕ್ಕಿಯನ್ನು ನನ್ನ ಕಡೆ ಸರಿಸಿದರು. "ಇದನ್ನು ನಿನ್ನೆ ನಾಯಿ ಹಿಡ್ಕೊಂಡು ಬಂತು. ಹೊಡೆದದ್ದು ನಾಲ್ಕು ದಿನದ ಹಿಂದೆ. ಬನ್ನಿ, ನೋಡಿ."

"ನಾನು ಮಾಂಸ ಮುಟ್ಟಲ್ಲ" ಎಂದೆ.

"ತಿನ್ನಿ ಅಂತ ಹೇಳ್ಲಿಲ್ಲ ನಾನು. ನೋಡಿ ಅಂದೆ. ನೀವು ಕಳಿಸಿದ್ದು ಎಲ್ಲಿಗೆ ಹೋಗಿ ಮುಟ್ಟಿತು ಅಂತ ನೋಡ್ಲಿಕ್ಕಿಲ್ವಾ?"

ನೋಡಿದೆ. ಮೂಗಿಗೆ ಸೆರಗಿಲ್ಲ, ಜಾಕೆಟಿನ ತೋಳನ್ನೇ ಒತ್ತಿಕೊಂಡೆ. ಅವರು ಎದೆಯ ಭಾಗವನ್ನು ಚಾಕುವಿನಿಂದ ಬಿಡಿಸಿದರು. ಏಳು ಚರೆ. ಒಂದೂ ಎಲುಬಿನವರೆಗೆ ಹೋಗಿರಲಿಲ್ಲ. ಸುತ್ತಲಿನ ಮಾಂಸ ಹಸಿರುಗಟ್ಟಿತ್ತು. ಜೇಬಿನಲ್ಲಿದ್ದ ಉಕ್ಕಿನ ಸ್ಕೇಲು ನಾನು ಹಿಡಿದೆ, ಹಕ್ಕಿಯನ್ನು ಅವರು ಹಿಡಿದರು. ಒಂದು ಸೆಂಟಿಮೀಟರ್, ಅದಕ್ಕಿಂತ ಕಡಿಮೆ, ಒಂದು ಸೆಂಟಿಮೀಟರ್. ಮೂರು ದಿನ ಅದು ಎಲ್ಲೋ ಪೊದೆಯಲ್ಲಿ ಹೀಗೇ ಬದುಕಿತ್ತು. ಹೊಡೆಯುವುದೇ ತಪ್ಪು ಅನ್ನುವ ಮನೆಯಲ್ಲಿ ಬೆಳೆದವಳು ನಾನು. ಹೊಡೆದೂ ಸಾಯಲು ಬಿಡದ ತೋಟೆಗೆ "ತೃಪ್ತಿಕರ" ಎಂದು ಬರೆದಿದ್ದೆ.

ಮಾಲಕಿಗೆ ಅಂದು ಏನನ್ನೂ ಹೇಳಲಿಲ್ಲ. ಒಂದು ಸಲ ಅಳೆಯದೆ ಹೇಳಿ ಆಗಿತ್ತು, ಈ ಸಲ ಅಳೆದೇ ಹೇಳಬೇಕೆನ್ನಿಸಿತು. ಎರಡು ದಿನ ಬೇಕು ಎಂದು ಕೇಳಿ ಹೊರಟೆ.

ಶೆಡ್ಡಿಗೆ ಮರಳಿ ಜೆಲಾಟಿನ್ ಡಬ್ಬಿ ತೆರೆದೆ. ನೀರಿಗೆ ಹತ್ತರಲ್ಲೊಂದು ಪಾಲು ಪುಡಿ. ಕುದಿಸಬಾರದು, ಗುಳ್ಳೆ ಏಳಬಾರದು, ಗಂಟಾಗಬಾರದು. ಗಂಟಾಗದಂತೆ ರವೆ ತಿರುವಿದ ಕೈಯೇ ಅಲ್ಲಿ ಕೆಲಸಕ್ಕೆ ಬಂತು. ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟೆ. ಪಕ್ಕದಲ್ಲೇ ತೋಟೆಗಳನ್ನೂ ಇಟ್ಟೆ. ಫೆಸೆಂಟ್ ಹೊಡೆಯುವುದು ಜುಲೈನ ಚಳಿಯ ಬೆಳಗಿನಲ್ಲಿ, ನಾನು ಪರೀಕ್ಷಿಸಿದ್ದು ಫೆಬ್ರವರಿಯ ಕೆಂಡದಲ್ಲಿ. ಅದೂ ನನ್ನ ತಲೆಗೆ ಹೊಳೆದದ್ದು ಆಗಲೇ.

ಗಟ್ಟಿಗೆ ಚರೆ ಹೊಡೆಯುವ ಮೊದಲು ಅದು ಸರಿಯಾಗಿ ಹೆಪ್ಪುಗಟ್ಟಿದೆಯೇ ಎಂದು ನೋಡಲು ಗೊತ್ತಾದ ವೇಗದಲ್ಲಿ ಒಂದು ಉಕ್ಕಿನ ಗುಂಡು ಹಾರಿಸಬೇಕು. ಅದು ಎಂಟೂವರೆ ಸೆಂಟಿಮೀಟರ್ ಹತ್ತಿರ ನಿಲ್ಲಬೇಕು. ನನ್ನದು ಹನ್ನೊಂದಕ್ಕೆ ಹೋಯಿತು. ಗಟ್ಟಿ ಮೆತ್ತಗಾಗಿತ್ತು. ಆದರೂ ತಡೆಯಲಾರದೆ ಕೆಂಪು ಡಬ್ಬಿಯ ಒಂದು ತೋಟೆ ಹೊಡೆದೆ. ಆ ಮೆತ್ತನೆಯ ಗಟ್ಟಿಯಲ್ಲಿ ನಮ್ಮ ಚರೆ ಚೆನ್ನಾಗಿಯೇ ಇಳಿದಿತ್ತು. ಸುಳ್ಳೇಕೆ, ಒಂದು ಗಳಿಗೆ ಇದನ್ನೇ ಬರೆದುಬಿಡಲೇ ಅನ್ನಿಸಿತು. ಯಾರು ಕೇಳುವವರು? ಹಾಳಾದ ಗಟ್ಟಿಯನ್ನು ಕೈಯಾರೆ ಎತ್ತಿ ಕಸದ ತೊಟ್ಟಿಗೆ ಎಸೆದು, ಮತ್ತೆ ನೀರು ಕಾಯಿಸಲು ಇಟ್ಟೆ.

ಈ ಸಲ ಹೊಸ ತೋಟೆಗೊಂದು, ಹಳೆಯದಕ್ಕೊಂದು ಎಂದು ಎರಡು ಗಟ್ಟಿ ಎರೆದೆ. ಎರಡೂ ಸರಿಯಾಗಿ ಬಂದವು. ಮೂವತ್ತಾರು ಮೀಟರಿನಿಂದ ಹೊಡೆದೆ. ತಣ್ಣಗಿದ್ದ ತೋಟೆ ಡಬ್ಬಿಯ ಮೇಲಿನ ಅಂಕಿಗಿಂತ ಅರವತ್ತು ಅಡಿ ಕಡಿಮೆ ವೇಗ ತೋರಿಸಿತು. ಅದು ಸಣ್ಣ ಮಾತು. ದೊಡ್ಡ ಮಾತು ಆಳದ್ದು. ಏಳೂವರೆಯ ಚರೆ ಮೂರು ಸೆಂಟಿಮೀಟರನ್ನೂ ಮುಟ್ಟದೆ ನಿಂತಿತ್ತು. ಹಳೆಯ, ನಿಧಾನದ, ಐದನೇ ನಂಬರು ಐದು ಸೆಂಟಿಮೀಟರ್ ದಾಟಿತ್ತು. ಸಣ್ಣ ಚರೆ ಎಷ್ಟೇ ಜೋರಾಗಿ ಹೊರಟರೂ ಗಾಳಿಯಲ್ಲಿ ಬೇಗ ಸೋಲುತ್ತದೆ. ದಪ್ಪ ಚರೆ ತನ್ನ ತೂಕದಿಂದಲೇ ಮುಂದೆ ಹೋಗುತ್ತದೆ. ಕಾಗದಕ್ಕೆ ತೂತು ಮಾಡಲು ಬಲ ಬೇಡ. ನಾನು ಫೆಬ್ರವರಿಯಲ್ಲಿ ಎಣಿಸಿ ಹೆಮ್ಮೆಪಟ್ಟ ತೂತುಗಳೆಲ್ಲ ಅಂಥವೇ.

ಬ್ರಿಸ್ಬೇನಿಗೆ ಫೋನ್ ಮಾಡಿದೆ. ಟೂವಾಂಗ್‌ನ ತನ್ನ ಫ್ಲಾಟಿನ ಬಾಲ್ಕನಿಯಿಂದ ಮಾತಾಡುತ್ತಿದ್ದ ಮ್ಯಾನೇಜರ್ ಎಲ್ಲವನ್ನೂ ಸಮಾಧಾನವಾಗಿ ಕೇಳಿದ. ಆತನ ಇಂಗ್ಲಿಷನ್ನು ನನ್ನ ಕನ್ನಡದಲ್ಲೇ ಹೇಳುತ್ತೇನೆ.

"ಒಳ್ಳೆಯದು ಮೇಟ್. ಮುಂದಿನ ವರ್ಷ ಚರೆ ಬದಲಾಯಿಸೋಣ. ಹಳೆಯ ವರದಿ ಹಾಗೇ ಇರಲಿ."

"ಅಡುಗೆಯವರ ಕೆಲಸ ಹೋಗುತ್ತೆ. ಮಾಲಕಿಗೆ ಬರೆದು ತಿಳಿಸಬೇಕು."

"ಒಬ್ಬ ಅಡುಗೆಯವನಿಗಾಗಿ ಕಂಪನಿ ತಪ್ಪೊಪ್ಪಿಕೊಳ್ಳಬೇಕಾ? ಅಷ್ಟಕ್ಕೂ ನೀನು ಕೋಳಿಯನ್ನೂ ತಿನ್ನುವವಳಲ್ಲ. ಹಕ್ಕಿಯ ಮಾಂಸದ ಬಗ್ಗೆ ನಿನಗೇನು ಗೊತ್ತು?"

"ಲೆಕ್ಕ ಸಾಕು ಅಂತ ನೀವೇ ಹೇಳಿದ್ದು."

"ನಾನು ಹೇಳಿದ್ದಕ್ಕೆ ಕಾಗದ ಇದೆಯಾ? ವರದಿಯಲ್ಲಿರುವುದು ನಿನ್ನ ಸಹಿ. ಎಸ್ಟೇಟಿಗೆ ಏನಾದರೂ ಕಳಿಸಿದರೆ ಸೋಮವಾರ ಕೆಲಸಕ್ಕೆ ಬರುವುದು ಬೇಡ."

ಫೋನಿಟ್ಟೆ. ಎಂಥ ನೀಚ! ನಾನು ತಿನ್ನುವುದೇನು, ಬಿಡುವುದೇನು ಎಂಬುದು ಫೆಬ್ರವರಿಯಲ್ಲಿ ಸಹಿ ಬೇಕಾದಾಗ ಆತನಿಗೆ ನೆನಪಿರಲಿಲ್ಲ. ಪರ್ತ್‌ಗೆ ಫೋನ್ ಹಚ್ಚಿ ಗಂಡನ ಮುಂದೆ ಅರ್ಧ ಗಂಟೆ ಮ್ಯಾನೇಜರನ ಜನ್ಮ ಜಾಲಾಡಿದೆ.

"ಸುಮ್ನಿದ್ಬಿಡು ಕಣೇ" ಎಂದರು. "ನಿಂಗ್ಯಾಕೆ ಊರ ಉಸಾಬರಿ? ಆ ಅಡುಗೆಯವ್ರಿಗೆ ಬೇರೆ ಕೆಲ್ಸ ಸಿಗುತ್ತೆ."

"ನನ್ ವರದಿ ತೋರ್ಸಿ ತೆಗೀತಿದಾರೆ ರೀ ಅವ್ರನ್ನ."

"ವರದೀಲಿ ಸುಳ್ಳು ಬರ್ದಿದೀಯಾ ನೀನು?"

"ಸುಳ್ಳಲ್ಲ. ಮಾಡ್ದೇ ಇರೋ ಟೆಸ್ಟನ್ನ ಮಾಡಿರೋ ಥರ ಬರ್ದಿದೀನಿ, ಅಷ್ಟೆ."

"ಮತ್ತೆ ಸುಳ್ಳು ಅಂದ್ರೆ ಇನ್ನೇನೇ?" ಎಂದರು. ಬೈದದ್ದಲ್ಲ, ನಿಜವಾಗಿಯೂ ಕೇಳಿದ್ದು.

ಅಲ್ಲಿಯವರೆಗೆ ನನಗೆ ಸಿಟ್ಟು ಬಂದಿದ್ದದ್ದು ಎಸ್ಟೇಟಿನವರ ಮೇಲೆ, ಆಮೇಲೆ ಮ್ಯಾನೇಜರನ ಮೇಲೆ. ಆತ ನೀಚನೇ, ಅದರಲ್ಲಿ ಅನುಮಾನವಿಲ್ಲ. ಆದರೆ ಡಬ್ಬಿ ಮುಚ್ಚಿಟ್ಟದ್ದು ಆತನ ಕೈಯಲ್ಲ. ಅಂದೇ ಕುಳಿತು ಎರಡು ಪುಟ ಬರೆದೆ. ಮೊದಲ ಸಾಲಿನಲ್ಲೇ, ಫೆಬ್ರವರಿಯ ವರದಿಯಲ್ಲಿ ಆಳದ ಪರೀಕ್ಷೆ ನಡೆದಿರಲಿಲ್ಲ, ಆ ವರದಿಯನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ ಎಂದು ಹಾಕಿದೆ. ಒಂದು ಪ್ರತಿಯನ್ನು ಮ್ಯಾನೇಜರನಿಗೆ ಕಳಿಸಿದೆ. ಸೋಮವಾರದ ಕಥೆ ಅಲ್ಲಿಗೆ ಮುಗಿಯಿತು ಎಂದು ಗೊತ್ತಿತ್ತು. ಹಾಗೇ ಆಯಿತು ಕೂಡ.

ಶನಿವಾರ ಬೆಳಿಗ್ಗೆ ಜೆಲಾಟಿನ್ ಗಟ್ಟಿಗಳನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಎಸ್ಟೇಟಿಗೆ ಕಾರು ಓಡಿಸಿದೆ. ಅಡುಗೆಮನೆಯ ಮೇಜಿನ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟೆ, ಬರೆದ ಎರಡು ಪುಟವನ್ನೂ. ಮಾಲಕಿ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದಳು. ಚರೆಗಳು ಎಲ್ಲಿ ನಿಂತಿವೆ ಎಂಬುದು ಗಾಜಿನೊಳಗಿದ್ದಂತೆ ಕಾಣುತ್ತಿತ್ತು. ಅಡುಗೆಯವರು ಬಾಗಿಲ ಬಳಿ ಕೈಕಟ್ಟಿ ನಿಂತಿದ್ದರು. ಮಾಲಕಿ ಹಳೆಯ ವರದಿ ತೆಗೆದು ಸಹಿಯ ಮೇಲೆ ಬೆರಳಿಟ್ಟಳು.

"ಇದು ನಿನ್ನದೇ?"

"ಹೌದು."

"ಆಗ ಈ ಪರೀಕ್ಷೆ ಮಾಡಿದ್ದೆಯಾ?"

"ಇಲ್ಲ."

"ಯಾಕೆ?"

ಮ್ಯಾನೇಜರ್ ಬೇಡ ಎಂದ ಎನ್ನಬಹುದಿತ್ತು. ಅದು ನಿಜವೂ ಆಗಿತ್ತು. "ಇದನ್ನು ಮುಟ್ಟಲು ನನಗೆ ಹೇಸಿಗೆಯಾಯಿತು" ಎಂದೆ. ಇಂಗ್ಲಿಷಿನಲ್ಲಿ ಹೇಳಿದಾಗ ಆ ಮಾತು ಇನ್ನೂ ಕ್ಷುಲ್ಲಕವಾಗಿ ಕೇಳಿಸಿತು. ಮಾಲಕಿ ನನ್ನನ್ನೇ ನೋಡಿದಳು. ಎದ್ದು ಅಡುಗೆಯವರ ಹತ್ತಿರ ಹೋಗಿ, ನಿನ್ನನ್ನು ಅನುಮಾನಿಸಿದ್ದು ನನ್ನ ತಪ್ಪು, ನೋಟಿಸನ್ನು ವಾಪಸು ಪಡೆದಿದ್ದೇನೆ, ಕ್ಷಮಿಸು ಎಂದಳು. ಅವರು ಥ್ಯಾಂಕ್ಯೂ ಎಂದು ತಲೆಯಾಡಿಸಿ ತಮ್ಮ ಕೋಣೆಗೆ ಹೊರಟುಹೋದರು.

ನಾನು ಹಿಂದೆಯೇ ಹೋದೆ. ಏನನ್ನು ನಿರೀಕ್ಷಿಸಿ ಹೋದೆನೆಂದರೆ, ಹೇಳಲು ನಾಚಿಕೆಯಾಗುತ್ತದೆ. ಕೆಲಸ ಕಳೆದುಕೊಂಡು ಬಂದಿದ್ದೇನೆ, ಎರಡು ಒಳ್ಳೆಯ ಮಾತು ಆಡಿಯಾರು ಎಂದುಕೊಂಡಿದ್ದೆ.

ಅವರು ಆಗಲೇ ಏಪ್ರನ್ ಕಟ್ಟಿಕೊಂಡು ಒಂದು ಹಕ್ಕಿಯ ಪುಕ್ಕ ಕೀಳಲು ಶುರು ಮಾಡಿದ್ದರು. ತಲೆ ಎತ್ತಲಿಲ್ಲ.

"ಹತ್ತೊಂಬತ್ತು ದಿನ ಮೇಡಂ" ಎಂದರು. "ಹೆಂಡತಿಗೆ ಹೇಳ್ಲಿಲ್ಲ, ಮಕ್ಕಳಿಗೆ ಹೇಳ್ಲಿಲ್ಲ. ದಿನಾ ಬೆಳಿಗ್ಗೆ ಎದ್ದು ನನ್ನ ಕೈಯನ್ನೇ ನೋಡ್ತಿದ್ದೆ, ಎಲ್ಲಿ ತಪ್ಪಿದೆ ನಾನು ಅಂತ. ಮೂವತ್ತು ವರ್ಷದ ಕೆಲಸ ಇದು, ನನ್ನ ಕೈ ಮೇಲೆ ನನಗೇ ನಂಬಿಕೆ ಹೋಗಿತ್ತು."

"ತಪ್ಪಾಯ್ತು" ಎಂದೆ.

"ನಿಮ್ಗೆ ಹೇಸಿಗೆ ಆಯ್ತು ಅಂತ ನನ್ನ ಹೊಟ್ಟೆ ಮೇಲೆ ಹೊಡೀಬಹುದಾ?"

ಧ್ವನಿ ಏರಿಸಿರಲಿಲ್ಲ. ಉತ್ತರಕ್ಕೂ ಕಾಯಲಿಲ್ಲ. ರೆಕ್ಕೆಯ ಕೆಳಗಿನ ಪುಕ್ಕ ಕಿತ್ತು ಮುಗಿಸಿ, "ಆಯ್ತು, ನೀವು ಹೊರಡಿ. ದೂರ ಹೋಗ್ಲಿಕ್ಕುಂಟಲ್ಲ" ಎಂದು ಹಕ್ಕಿಯನ್ನು ಮಗ್ಗುಲು ತಿರುಗಿಸಿಕೊಂಡರು.

ಹೊರಗೆ ಬಂದೆ. ಕಾರಿನವರೆಗೆ ನಡೆದು ಹೋಗುವಷ್ಟರಲ್ಲಿ, ಬೈಯಲು ನನಗೆ ಬೇರೆ ಯಾರೂ ಉಳಿದಿರಲಿಲ್ಲ.